ಸದ್ದಿಲ್ಲದ ಗಾಡಿ

ನನಗೆ ಕಾರು ಓಡಿಸಲು ಬಾರದು. ಮೇಷ್ಟರ ವೃತ್ತಿಯ ಅಷ್ಟೂ ವರ್ಷಗಳಲ್ಲಿ ನನ್ನ ವಾಹನಯೋಗ ಸೈಕಲ್ಲಿನಿಂದ ಮೇಲಕ್ಕೆ ಏರಲಿಲ್ಲ. ಆದಕಾರಣ ಕಾರುಗಳ ರೂಪಲಾವಣ್ಯದ ಬಗ್ಗೆ ಬರೆಯುವ ಅಧಿಕಾರ ಈತನಿಗೆಲ್ಲಿಯದು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕಳೆದ ದೀಪಾವಳಿಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ನಡೆದ ಒಂದು ವಾಗ್ವಾದ ಇನ್ನೂ ಕಿವಿಯಲ್ಲಿ ಉಳಿದಿರುವುದರಿಂದ ಬರೆಯುತ್ತಿದ್ದೇನೆ, ಅಷ್ಟೆ.

ಗುಮಟಾಪುರದ ಗೊರೆಹಬ್ಬವನ್ನು ನೋಡಬೇಕೆಂದು ಮಗಳ ಮಗ ಬೆಂಗಳೂರಿನಿಂದ ಮೂವರು ಗೆಳೆಯರನ್ನು ಕಟ್ಟಿಕೊಂಡು ತಾಳವಾಡಿಗೆ ಬಂದಿದ್ದ. ಬೀರೇಶ್ವರನ ಗುಡಿಯ ಬಳಿ ಸೆಗಣಿಯ ಉಂಡೆಗಳ ಏಟು ತಿಂದು, ಮಿಂದು ಬಂದ ಮೇಲೂ ಅವರ ಉತ್ಸಾಹ ಇಳಿದಿರಲಿಲ್ಲ. ಅಂಗಳದಲ್ಲಿ ಅವರು ಬಂದ ಕಾರು ನಿಂತಿತ್ತು. ಗೆಳೆಯರಲ್ಲೊಬ್ಬನ ಅಣ್ಣನದು, ಮಹೀಂದ್ರ ಕಂಪನಿಯ ಬಿಇ 6 ಎಂಬ ವಿದ್ಯುತ್ ಎಸ್‌ಯುವಿ. ನಾಲ್ವರೂ ಮೊಬೈಲಿನಲ್ಲಿ ಒಂದು ಚಿತ್ರವನ್ನು ನೋಡುವುದು, ಅಂಗಳದ ಕಾರನ್ನು ನೋಡುವುದು, ಜಗಳವಾಡುವುದು. ಹೆಣ್ಣು ನೋಡಿಬಂದವರು ಫೋಟೋ ಹಿಡಿದು ಚರ್ಚಿಸುವಂತಿತ್ತು.

ಕಾರು ಮಾರಾಟಕ್ಕೆ ಬರುವ ಮೊದಲು ‘ಕಾನ್ಸೆಪ್ಟ್’ ಎಂಬ ಮಾದರಿಯೊಂದನ್ನು ಮಾಡಿ ಲೋಕಕ್ಕೆ ತೋರಿಸುವ ಪದ್ಧತಿಯಿದೆಯೆಂದು ಮೊಮ್ಮಗ ತಿಳಿಸಿದ. 2022ರ ಆಗಸ್ಟ್ 15ರಂದು, ಇಲ್ಲಿ ಶಾಲಾಮಕ್ಕಳು ಸ್ವಾತಂತ್ರ್ಯದ ಎಪ್ಪತ್ತೈದು ವರ್ಷದ ಮಿಠಾಯಿ ತಿನ್ನುತ್ತಿದ್ದ ದಿನ, ಮಹೀಂದ್ರದವರು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ಐದು ವಿದ್ಯುತ್ ಎಸ್‌ಯುವಿ ಮಾದರಿಗಳನ್ನು ತೋರಿಸಿದರಂತೆ. ಅವುಗಳಲ್ಲಿ ಬಿಇ.05 ಎಂಬುದೇ ಬೆಳೆದು 2024ರ ನವೆಂಬರ್ 26ರಂದು ಚೆನ್ನೈಯಲ್ಲಿ ಬಿಇ 6ಇ ಎಂದು ನಾಮಕರಣಗೊಂಡಿತು. ‘6ಇ’ ತನ್ನದೆಂದು ಇಂಡಿಗೋ ವಿಮಾನ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಕೊನೆಯ ಅಕ್ಷರವನ್ನು ಕಳಚಿ ಬಿಇ 6 ಮಾಡಿದರು. ವ್ಯಾಕರಣದಲ್ಲಿ ಲೋಪಸಂಧಿ ಕಲಿಸಿದ ನನಗೆ ಇದು ಹಿಡಿಸಿತು.

ಮಾದರಿಗೂ ಮಾರಾಟದ ವಸ್ತುವಿಗೂ ಇರುವ ಅಂತರ ಮೇಷ್ಟ್ರಿಗೆ ಹೊಸದಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದಕ್ಕೆ ಕಟ್ಟಡದ ನಕ್ಷೆ ಬಂದಿತ್ತು: ರಂಗಮಂದಿರ, ಹೂದೋಟ, ವಾಚನಾಲಯ. ಎದ್ದು ನಿಂತದ್ದು ಮೂರು ಕೋಣೆ, ಅದರಲ್ಲೊಂದು ಸೋರುತ್ತಿತ್ತು. ಈ ಕಾರಿನ ವಿಷಯದಲ್ಲಿ ಹಾಗಾಗಲಿಲ್ಲವೆಂಬುದೇ ಹುಡುಗರಲ್ಲಿ ಒಬ್ಬನ ಸಂತೋಷ. ತೋರಿಸಿದ್ದನ್ನೇ ಬಹುಮಟ್ಟಿಗೆ ಮಾಡಿಕೊಟ್ಟಿದ್ದಾರೆ, ನಮ್ಮ ದೇಶದ ಕಂಪನಿಗೆ ಈ ಧೈರ್ಯ ಬಂತಲ್ಲ ಎಂದು ಅವನು ಹಿಗ್ಗುತ್ತಿದ್ದ. ಇನ್ನೊಬ್ಬನಿಗೆ ಅದೇ ದುಃಖ. ಮಹೀಂದ್ರವೆಂದರೆ ಜೀಪು, ಜೀಪೆಂದರೆ ಮೂತಿಯ ಮೇಲಿನ ಆ ಉದ್ದುದ್ದ ಸೀಳುಗಳು, ಅವೇ ಇಲ್ಲದ ಮೇಲೆ ಇದು ಯಾರ ಮಗು ಎಂದು ಅವನ ಪ್ರಶ್ನೆ. ಇಂಜಿನ್ನನ್ನು ತಣ್ಣಗಿಡುವ ರೇಡಿಯೇಟರಿಗೆ ಗಾಳಿ ಹೋಗಲೆಂದು ಆ ಸೀಳುಗಳು. ಇಂಜಿನ್ನೇ ಇಲ್ಲದ ಮೇಲೆ ಅವೇಕೆ ಎಂದು ಮೊದಲನೆಯವನು. ಮೂಗು ಉಸಿರಾಟಕ್ಕೆ ಮಾತ್ರವೇ ಇರುವುದೇನೋ ಎಂದು ಎರಡನೆಯವನು. ಈ ಮಾತಿಗೆ ನಾನು ಮನಸ್ಸಿನಲ್ಲೇ ಪೂರ್ಣಾಂಕ ಕೊಟ್ಟೆ.

ಈ ಸಂಕಟ ನಮ್ಮಲ್ಲಿ ಮಾತ್ರ ಇರುವುದಲ್ಲವಂತೆ. 2008ರಿಂದ ಟಾಟಾದವರ ಒಡೆತನದಲ್ಲಿರುವ ಜಾಗ್ವಾರ್ ಎಂಬ ಶ್ರೀಮಂತರ ಕಾರಿನ ಕಂಪನಿ 2016ರಲ್ಲಿ ಲಾಸ್ ಏಂಜಲೀಸಿನಲ್ಲಿ ಐ-ಪೇಸ್ ಎಂಬ ವಿದ್ಯುತ್ ಎಸ್‌ಯುವಿಯ ಮಾದರಿಯನ್ನು ತೋರಿಸಿತು. 1961ರ ಇ-ಟೈಪ್ ಕಾರಿನ ನೀಳ ಬಾನೆಟ್ಟನ್ನು ಆರಾಧಿಸುವವರಿಗೆ ಇದರ ಮೋಟು ಮೂತಿ ಹೇಗೆ ಹಿಡಿಸಬೇಕು? ಆದರೂ 2019ರಲ್ಲಿ ಅದಕ್ಕೆ ವರ್ಷದ ವಿಶ್ವಕಾರು ಎಂಬ ಪ್ರಶಸ್ತಿ ಬಂತು. 2024ರ ಡಿಸೆಂಬರಿನಲ್ಲಿ ಅದೇ ಕಂಪನಿ ಮಯಾಮಿಯಲ್ಲಿ ಗುಲಾಬಿ ಬಣ್ಣದ ಮತ್ತೊಂದು ವಿದ್ಯುತ್ ಮಾದರಿಯನ್ನು ತೋರಿಸಿತು. ಅದರ ಬಾನೆಟ್ಟು ಮಾರುದ್ದ. ಈ ಸಲ ಲೋಕವೆಲ್ಲ ಗದ್ದಲ. ಇಂಜಿನ್ನಿಲ್ಲದ ಕಾರಿಗೆ ಅಷ್ಟುದ್ದದ ಬಾನೆಟ್ಟೇಕೆ ಎಂದು ಮೊಮ್ಮಗನೇ ಬೈಯುತ್ತಿದ್ದ. ಆ ಕಾರನ್ನು ಅವನು ಕೊಳ್ಳುವ ಸಂಭವ ನಾನು ಕೊಳ್ಳುವ ಸಂಭವಕ್ಕಿಂತ ಹೆಚ್ಚೇನಿಲ್ಲ.

ನಗುವವರಲ್ಲಿ ನಾನೂ ಒಬ್ಬನಾಗಿದ್ದವನೇ. ಚೇತನ್ ಮೈನಿಯವರ ರೇವಾ ಕಾರು 2001ರಲ್ಲಿ ಬೆಂಗಳೂರಿನ ಬೀದಿಗೆ ಬಂದ ಕೆಲವು ವರ್ಷಗಳ ಮೇಲೆ, ಜಯನಗರದಲ್ಲಿ ತಮ್ಮನ ಮನೆಯ ಮುಂದೆ ಒಂದನ್ನು ಕಂಡೆ. ಎರಡೇ ಬಾಗಿಲು, ಮುಂದೆ ಇಬ್ಬರು ಕುಳಿತರೆ ಹಿಂದೆ ಚಿಕ್ಕ ಮಕ್ಕಳಿಗಷ್ಟೇ ಸ್ಥಳ, ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರು. ಜಾತ್ರೆಯ ಆಟಿಕೆಯೆಂದು ನಕ್ಕೆವು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿದಾಗ ಅಲ್ಲಿನ ಕಾರುಪ್ರಿಯರೂ ನಕ್ಕರಂತೆ. 2010ರಲ್ಲಿ ಮಹೀಂದ್ರದವರು ಆ ಕಂಪನಿಯ ಬಹುಪಾಲನ್ನು ಕೊಂಡರು. ವಿದ್ಯುತ್ ಕಾರಿನ ಅಕ್ಷರಾಭ್ಯಾಸವನ್ನು ಅವರು ಮಾಡಿದ್ದು ಹೀಗೆ ಬೆಂಗಳೂರಿನಲ್ಲಿ. ಈಗಿನ ಗಾಡಿಗಳನ್ನು ರೂಪಿಸುವ ಅವರ ಸಂಶೋಧನಾ ಕೇಂದ್ರ ಇರುವುದು ಚೆಂಗಲ್ಪಟ್ಟಿನ ಬಳಿ. ಎರಡು ಸೀಮೆಗೂ ಸೇರಿದ ತಾಳವಾಡಿಯವರಂತೆಯೇ ಇದರ ಕುಲವೂ.

ಹುಡುಗರ ಜಗಳ ಕೊನೆಗೆ ಬಂದು ನಿಂತದ್ದು ಸದ್ದಿನ ಮೇಲೆ. ವಿದ್ಯುತ್ ಮೋಟಾರು ಮೌನಿ. ಆ ಮೌನವನ್ನು ತುಂಬಲು ಈ ಗಾಡಿಗಳಿಗೆ ಎ. ಆರ್. ರೆಹಮಾನರಿಂದ ಧ್ವನಿ ಸಂಯೋಜನೆ ಮಾಡಿಸಿದ್ದಾರಂತೆ. ‘ಇಂಜಿನ್ನಿನ ಗುಡುಗು ಎಲ್ಲಿ, ಸ್ಪೀಕರಿನ ಸಂಗೀತ ಎಲ್ಲಿ’ ಎಂದು ಎರಡನೆಯವನು ಮುಖ ಸಿಂಡರಿಸಿದ. ಅದುವರೆಗೆ ಜಗಲಿಯ ಕಂಬಕ್ಕೆ ಒರಗಿ ಸುಮ್ಮನೆ ಕೇಳುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಯಿ ತೆರೆದ. ಅವನಿಗೀಗ ಐವತ್ತು ದಾಟಿದೆ; ತಂದೆಯ ಕಾಲದಿಂದ ಜೀಪು ಓಡಿಸುವ ಮನೆತನ. ‘ಸದ್ದಿಲ್ಲದ ಗಾಡೀನ ಹೆಂಗ್ ನಂಬೋದು ಸಾ?’ ಎಂದ.

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ.

1979ರ ಮಳೆಗಾಲ. ಮಡದಿಗೆ ಚೊಚ್ಚಲ ಬಸುರು, ದಿನ ತುಂಬುವ ಮೊದಲೇ ರಾತ್ರಿ ನೋವು ಕಾಣಿಸಿಕೊಂಡಿತು. ಚಾಮರಾಜನಗರದ ದಾರಿಯಲ್ಲಿ ಹಳ್ಳ ತುಂಬಿ ಹರಿಯುತ್ತಿತ್ತು. ಪಕ್ಕದ ಮನೆಯ ಹುಡುಗ ಸೈಕಲ್ ತುಳಿದುಕೊಂಡು ಈತನ ತಂದೆಯ ಜೀಪನ್ನು ಕರೆತರಲು ಹೋದ. ಸೂಲಗಿತ್ತಿ ಒಳಗೆ, ನಾನು ಇದೇ ಜಗಲಿಯಲ್ಲಿ. ಹುಡುಗ ತಲುಪಿದನೋ, ಡ್ರೈವರ್ ಮನೆಯಲ್ಲಿದ್ದಾನೋ, ತಿಳಿಯುವ ದಾರಿಯಿಲ್ಲ. ಒಂದು ಗಂಟೆಯ ಮೇಲೆ ಮಳೆ ಕೊಂಚ ತಗ್ಗಿದಾಗ ಎಲ್ಲಿಯೋ ದೂರದ ಏರಿನಲ್ಲಿ ಜೀಪು ಗೇರು ಬದಲಿಸಿದ ಸದ್ದು ಕೇಳಿಸಿತು. ದೀಪ ಕಾಣಲು ಇನ್ನೂ ಕಾಲು ಗಂಟೆಯಿತ್ತು. ಆದರೆ ಆ ಸದ್ದನ್ನು ಕೇಳಿದೊಡನೆ ನಾನು ಒಳಗೆ ಹೋಗಿ, ‘ಬಂತು’ ಎಂದೆ. ಮಡದಿ ನನ್ನ ಕೈಯನ್ನು ಬಿಟ್ಟು ಹಾಸಿಗೆಯ ಅಂಚು ಹಿಡಿದು ಏಳಲು ಯತ್ನಿಸಿದಳು. ಹಾಸನೂರು, ದಿಂಬಂ, ಆಮೇಲೆ ಇಪ್ಪತ್ತೇಳು ತಿರುವುಗಳ ಘಟ್ಟ. ಇಳಿಜಾರಿನುದ್ದಕ್ಕೂ ಆ ಮಹಾನುಭಾವ ಎರಡನೆಯ ಗೇರಿನಲ್ಲೇ ಇಳಿಸಿದ. ‘ಬ್ರೇಕ್ ನಂಬಬಾರ್ದು ಮೇಷ್ಟ್ರೇ, ಇಂಜಿನ್ನೇ ಹಿಡೀಬೇಕು’ ಎಂದು ನಡುವೆ ಒಂದೇ ಮಾತು ಆಡಿದ. ಬೆಳಗಿನ ಜಾವ ಸತ್ಯಮಂಗಲದ ಆಸ್ಪತ್ರೆಯಲ್ಲಿ ಹುಟ್ಟಿದವಳೇ ಈ ಮೊಮ್ಮಗನ ತಾಯಿ.

ಇದನ್ನು ಹೇಳಿದಾಗ ಹುಡುಗರು ಸ್ವಲ್ಪ ಹೊತ್ತು ಸುಮ್ಮನಾದರು. ಮರುದಿನ ಬೆಳಗ್ಗೆ ಮೊಮ್ಮಗ, ‘ತಾತ, ಅದೇ ದಾರಿಯಲ್ಲಿ ಹೋಗಿಬರೋಣ, ಮಾಮನನ್ನೂ ಕರೆದುಕೊಳ್ಳೋಣ’ ಎಂದ. ಮಾಮನೆಂದರೆ ಜೀಪಿನವನು. ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ದಿಂಬದವರೆಗೂ ಅವನು ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರನಂತೆ ಬಿಗಿದುಕೊಂಡೇ ಇದ್ದ. ಮೊದಲ ತಿರುವಿನಲ್ಲಿ ಅವನ ಬಲಗಾಲು ಇಲ್ಲದ ಬ್ರೇಕನ್ನು ತಾನಾಗಿಯೇ ಒತ್ತಿತು. ಐದಾರು ತಿರುವು ಕಳೆದ ಮೇಲೆ ಬಾಗಿ ಮೊಮ್ಮಗನ ಪಾದಗಳನ್ನೇ ನೋಡತೊಡಗಿದ. ಬ್ರೇಕು ಮುಟ್ಟುತ್ತಿಲ್ಲ, ಪೆಡಲಿನಿಂದ ಕಾಲು ಸಡಿಲಿಸಿದರೆ ಗಾಡಿ ತಾನೇ ಹಿಡಿದುಕೊಳ್ಳುತ್ತಿದೆ. ಇಳಿಯುವಾಗ ಚಕ್ರಗಳೇ ಮೋಟಾರನ್ನು ತಿರುಗಿಸಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿ ತುಂಬುತ್ತವೆ, ಆ ಭಾರಕ್ಕೆ ವೇಗ ತಗ್ಗುತ್ತದೆ ಎಂದು ಮೊಮ್ಮಗ ವಿವರಿಸಿದ. ದಿಂಬದಲ್ಲಿ ಶೇಕಡ 61 ಇದ್ದದ್ದು ಬಣ್ಣಾರಿಯಲ್ಲಿ 63 ಆಗಿತ್ತು. ‘ನಮ್ಮಪ್ಪ ಯೋಳ್ತಿದ್ದುದ್ದೂ ಇದೇಯ’ ಎಂದನೇ ಹೊರತು ಅವನು ಹೊಗಳಲಿಲ್ಲ.

ಅಮ್ಮನ ಗುಡಿಯ ಮುಂದೆ ಬಾನೆಟ್ಟು ತೆಗೆಸಿ ನೋಡಿದ. ಮೋಟಾರು ಹಿಂದೆ, ಮುಂದೆ ಇರುವುದು ಸಾಮಾನು ಇಡುವ ಒಂದು ಪುಟ್ಟ ಗುಂಡಿ. ತಾನು ಕೊಂಡ ತೆಂಗಿನಕಾಯಿಯ ಚೀಲವನ್ನು ಬಹಳ ಗಂಭೀರವಾಗಿ ಅದರಲ್ಲಿಟ್ಟು ಮುಚ್ಚಿದ.

ಮರಳಿ ಘಟ್ಟ ಹತ್ತುವಾಗ ಗಳಿಸಿದ್ದೂ ಹೋಯಿತು, ಮೂಲಧನದಲ್ಲೂ ಕರಗಿತು, ದಿಂಬದಲ್ಲಿ 53. ಹಾಸನೂರಿಗೆ ಇನ್ನೂ ಸ್ವಲ್ಪ ದೂರವಿರುವಾಗ ಜೀಪಿನವನು ತಟ್ಟನೆ ಕೈಯೆತ್ತಿದ. ಮೊಮ್ಮಗ ನಿಲ್ಲಿಸಿದ. ಎಡಗಡೆ, ರಸ್ತೆಯಿಂದ ಮೂವತ್ತು ಅಡಿಯೂ ಇಲ್ಲ, ಬಿದಿರ ಮೆಳೆಯಲ್ಲಿ ಒಂದು ಹೆಣ್ಣಾನೆ, ಅದರ ಹೊಟ್ಟೆಯ ಕೆಳಗೆ ಮರಿ. ಆರಿಸಬೇಕಾದ ಇಂಜಿನ್ನಿರಲಿಲ್ಲ. ಬಿದಿರು ಮುರಿಯುವ ಸದ್ದು, ಎಲೆ ಜಗಿಯುವ ಸದ್ದು, ಮರಿಯ ಉಸಿರು ಕೂಡ ಕೇಳಿಸುತ್ತಿತ್ತು. ಎಪ್ಪತ್ತು ದಾಟುವವರೆಗೆ ಈ ಕಾಡಿನಲ್ಲಿ ಓಡಾಡಿದ್ದೇನೆ, ಬಸ್ಸಿನ ಕಿಟಕಿಯಿಂದ ಎಷ್ಟೋ ಆನೆಗಳನ್ನು ಕಂಡಿದ್ದೇನೆ. ಆನೆ ತಿನ್ನುವುದನ್ನು ಕೇಳಿದ್ದು ಅದೇ ಮೊದಲು. ಅದು ತಲೆಯೆತ್ತಿ ನಮ್ಮನ್ನು ಕಂಡದ್ದು ಬಹಳ ತಡವಾಗಿ. ಕಿವಿ ಅಗಲಿಸಿ, ಮರಿಯನ್ನು ಆಚೆ ತಳ್ಳಿಕೊಂಡು ಮೆಳೆಯೊಳಗೆ ಸರಿಯಿತು.

ಯಾರೂ ಮಾತಾಡಲಿಲ್ಲ. ಗಾಡಿ ಹೊರಟ ಮೇಲೆ ಜೀಪಿನವನು ಮೆಲ್ಲಗೆ, ‘ನಾವ್ ಬಂದದ್ದು ಅದ್ಕೂ ಗೊತ್ತಾಗ್ನಿಲ್ಲ ಕಣಿ ಸಾ’ ಎಂದ. ಮೊಮ್ಮಗ ಅದನ್ನು ಮೆಚ್ಚುಗೆಯೆಂದು ತಿಳಿದು ಹಿಂದಿದ್ದ ಗೆಳೆಯರ ಕಡೆ ನೋಡಿ ಕಣ್ಣು ಮಿಟುಕಿಸಿದ. ನನಗೆ ಅಷ್ಟು ಖಚಿತವಾಗಲಿಲ್ಲ. ಹಾಸನೂರು ದಾಟುವವರೆಗೂ ಅವನು ಕಿಟಕಿಯ ಗಾಜನ್ನು ಇಳಿಸಿಕೊಂಡು, ಕಿವಿಯನ್ನು ಹೊರಗೆ ಕೊಟ್ಟುಕೊಂಡೇ ಕುಳಿತಿದ್ದ.