ಬಳ್ಳಾರಿ ಮಾದರಿ ಮತ್ತು ಮನೋರೋಗಿಯ ಹಕ್ಕು

ನಮ್ಮ ಹರಪನಹಳ್ಳಿ ತಾಲ್ಲೂಕು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದಿತು. ಆಮೇಲೆ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಬಂದಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ನೀಲಗುಂದದ ಭೀಮೇಶ್ವರ ಮಾತ್ರ ಇದ್ದಲ್ಲಿಯೇ ಇದ್ದಾನೆ. ಆ ಹಳೆಯ ಬಳ್ಳಾರಿ ಜಿಲ್ಲೆಗೆ ಸಂಬಂಧಿಸಿದ ಒಂದು ಹೆಮ್ಮೆಯ ಸಂಗತಿ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿದಿರಲಾರದು. ಭಾರತದ ಮಾನಸಿಕ ಆರೋಗ್ಯ ಸೇವೆಯ ಚರಿತ್ರೆಯಲ್ಲಿ ‘ಬಳ್ಳಾರಿ ಮಾದರಿ’ ಎಂಬುದೊಂದಿದೆ.

1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಆರಿಸಿಕೊಂಡದ್ದು ಸುಮಾರು 15 ಲಕ್ಷ ಜನಸಂಖ್ಯೆಯ ಬಳ್ಳಾರಿ ಜಿಲ್ಲೆಯನ್ನು. 1985ರಿಂದ 1990ರವರೆಗೆ ಈ ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಮತ್ತು ಮೂರ್ಛೆರೋಗಗಳನ್ನು ಗುರುತಿಸುವ ತರಬೇತಿ ಕೊಟ್ಟು, ಔಷಧವನ್ನು ಕೇಂದ್ರಗಳಿಗೇ ತಲುಪಿಸಿ, ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ಬೆಂಬಲ ಒದಗಿಸಿದರು. ಗಾಳಿ ಸೋಕಿದೆಯೆಂದು ಗುಡಿ, ದರ್ಗಾಗಳಿಗೆ ಅಲೆಯುತ್ತಿದ್ದ ಜನಕ್ಕೆ ಜ್ವರದ ಮಾತ್ರೆ ಸಿಗುವ ಜಾಗದಲ್ಲಿಯೇ ಮನಸ್ಸಿನ ಕಾಯಿಲೆಗೂ ಮದ್ದು ಸಿಗಬಹುದೆಂದು ತೋರಿಸಿಕೊಟ್ಟದ್ದು ಇದರ ಸಾಧನೆ. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮೇಲ್ಪಂಕ್ತಿಯಾಯಿತು.

ಆದರೆ ಕಾನೂನು ಇಷ್ಟು ಬೇಗ ಹೆಜ್ಜೆ ಹಾಕಲಿಲ್ಲ. ಬ್ರಿಟಿಷರು 1912ರಲ್ಲಿ ಮಾಡಿದ ಲೂನಸಿ ಕಾಯ್ದೆಯ ದೃಷ್ಟಿಯಲ್ಲಿ ಮನೋರೋಗಿಯೆಂದರೆ ಸಮಾಜದಿಂದ ದೂರ ಇಡಬೇಕಾದವನು. 1987ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ರದ್ದುಗೊಳಿಸಿತಾದರೂ ಜಾರಿಗೆ ಬಂದದ್ದು 1993ರಲ್ಲಿ. ಅದರ ಮುಖ್ಯ ಚಿಂತೆಯೂ ಆಸ್ಪತ್ರೆಗಳ ಪರವಾನಗಿ ಮತ್ತು ರೋಗಿಗಳ ದಾಖಲಾತಿಯೇ ಆಗಿದ್ದಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಒಂದು ಖಾಸಗಿ ಮನೋರೋಗಿಗಳ ವಸತಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡಲಾರದೆ ಸುಟ್ಟುಹೋದರು. ಆ ದುರಂತದಲ್ಲಿ ಸತ್ತವರು 28 ಮಂದಿ. ದೇಶದ ಕಣ್ಣು ತೆರೆದದ್ದು ಆಗ.

ಮುಂದೆ ಸಂಸತ್ತು ಅಂಗೀಕರಿಸಿದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೆಯ ಕಲಮು ಸರ್ಕಾರಿ ಮಾನಸಿಕ ಆರೋಗ್ಯ ಸೇವೆಯನ್ನು ಪ್ರತಿಯೊಬ್ಬನ ಹಕ್ಕೆಂದು ಸಾರುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಕೈಯಲ್ಲಿ ಬಿಪಿಎಲ್ ಕಾರ್ಡು ಇರಲಿ ಇಲ್ಲದಿರಲಿ, ಸರ್ಕಾರಿ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ಯಾವ ರೀತಿಯಲ್ಲಿಯೂ ಸರಪಳಿ ಹಾಕುವಂತಿಲ್ಲವೆಂದು 95ನೆಯ ಕಲಮು ವಿಧಿಸಿದೆ. ಇವೆಲ್ಲಕ್ಕಿಂತ ನಮ್ಮ ಹಳ್ಳಿಗಳಿಗೆ ಮುಖ್ಯವಾದದ್ದು ಮನೋರೋಗದ ವ್ಯಾಖ್ಯೆಯಲ್ಲಿದೆ: ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಅದರೊಳಗೆ ಸೇರಿವೆ. ಅರ್ಥಾತ್, ನಾವು ‘ಕುಡುಕ’ ಎಂದು ಜರೆಯುವವನೂ ಕಾನೂನಿನ ಕಣ್ಣಿನಲ್ಲಿ ಚಿಕಿತ್ಸೆಗೆ ಹಕ್ಕುಳ್ಳ ರೋಗಿಯಾಗಬಹುದು.

ಇದನ್ನು ಬರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ದೂರವಾಣಿ ಮಾಡಿದ. ತಮ್ಮನ ಕುಡಿತದಿಂದ ಹೊಲ ಒತ್ತೆಗೆ ಹೋಗಿದೆ, ತಾಯಿ ಹಾಸಿಗೆ ಹಿಡಿದಿದ್ದಾರೆ. ದೂರದ ಪಟ್ಟಣದ ವ್ಯಸನಮುಕ್ತಿ ಕೇಂದ್ರವೊಂದರವರು ರಾತ್ರಿ ಜೀಪಿನಲ್ಲಿ ಬಂದು ಕೈಕಾಲು ಕಟ್ಟಿ ಒಯ್ಯುತ್ತಾರಂತೆ. ಮೂರು ತಿಂಗಳು ಮನೆಯವರು ನೋಡುವಂತಿಲ್ಲವಂತೆ. “ಸಾರ್, ಹಿರಿಯರೆಲ್ಲ ಹಾಕಿಬಿಡು ಅಂತಾರೆ, ಏನು ಮಾಡಲಿ?” ಎಂದ. ಅವನ ಧ್ವನಿಯಲ್ಲಿ ತಮ್ಮನ ಮೇಲಿನ ಸಿಟ್ಟು, ಮಮತೆ ಎರಡೂ ಇದ್ದವು.

ನಾನು ತಿಳಿದಷ್ಟನ್ನು ಹೇಳಿದೆ. ಅಂತಹ ಕೇಂದ್ರ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಮೊದಲು ವಿಚಾರಿಸಬೇಕು. ರೋಗಿ ಒಪ್ಪದಿದ್ದರೂ ದಾಖಲಿಸಬೇಕಾದ ಸಂದರ್ಭ ಬಂದರೆ ಅದಕ್ಕೂ ಕ್ರಮವಿದೆ. ಅವನ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರೂ, ಜೊತೆಗೆ ಮತ್ತೊಬ್ಬ ತಜ್ಞರು ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ತನಗೆ ಅಥವಾ ಪರರಿಗೆ ಅಪಾಯ ಒಡ್ಡುವಷ್ಟು, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾರದಷ್ಟು ರೋಗ ತೀವ್ರವಾಗಿರಬೇಕು. ಮೊದಲ ಅವಧಿ 30 ದಿನ ಮೀರುವಂತಿಲ್ಲ. ಬಂಧುಗಳನ್ನು ಕಾಣುವ, ಅವರೊಡನೆ ಮಾತನಾಡುವ ಹಕ್ಕು ಒಳಗಿರುವವನಿಗೂ ಇದೆ.

ಅವರು ತಮ್ಮನನ್ನು ಒಲಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ನಮ್ಮ ರಾಜ್ಯದಲ್ಲಿ 2014ರಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ಆರಂಭವಾಯಿತು. ಆ ಹುಡುಗ ಎರಡು ತಿಂಗಳು ಕುಡಿಯಲಿಲ್ಲ. ಜಾತ್ರೆಯಲ್ಲಿ ಮತ್ತೆ ಕುಡಿದ, ಮತ್ತೆ ಆಸ್ಪತ್ರೆಗೆ ಹೋದ. ಈಗಲೂ ಹೋಗುತ್ತಿದ್ದಾನೆ. ವ್ಯಸನ ಬಿಡುವ ದಾರಿಯಲ್ಲಿ ಹೀಗೆ ಎಡವುವುದುಂಟೆಂದು ವೈದ್ಯರು ಮೊದಲೇ ಹೇಳಿದ್ದರಿಂದ ಅಣ್ಣ ಕೈಬಿಟ್ಟಿಲ್ಲ.

ಕಾಯ್ದೆಯೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ನಾನು ಹೇಳಲಾರೆ. ಮದ್ಯವ್ಯಸನಕ್ಕೆ ಒಳಗಾದವರಲ್ಲಿ ನೂರಕ್ಕೆ 86 ಜನ ಚಿಕಿತ್ಸೆಯಿಂದ ದೂರವೇ ಇರುವರೆಂದು 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ತಿಳಿಸಿತು. ನಮ್ಮ ರಾಜ್ಯ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಕುಡಿತ ಬೇರೆ ಪೊಟ್ಟಣಕ್ಕೆ ವರ್ಗವಾಯಿತು. ಅಬಕಾರಿ ಆದಾಯವನ್ನು ಎಣಿಸುವ ಸರ್ಕಾರವೇ ಚಿಕಿತ್ಸೆಯ ಹೊಣೆಯನ್ನೂ ಹೊತ್ತಿದೆ. ಹೊಣೆ ಹೊತ್ತವರನ್ನು ಕೇಳುವವರಿಲ್ಲದಿದ್ದರೆ ಹಕ್ಕು ಪುಸ್ತಕದಲ್ಲಿಯೇ ಉಳಿಯುತ್ತದೆ.

ಆದುದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಾಗಲಿ, ಓಣಿಯಲ್ಲಾಗಲಿ ಇಂತಹ ಸಂಕಟವಿದ್ದರೆ ಮುಚ್ಚಿಡಬೇಡಿ. ಮನೋವೈದ್ಯರು ಬರುವ ದಿನ ಯಾವುದೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿರಿ. ಬರದಿದ್ದರೆ ಏಕೆಂದು ಕೇಳಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ನಿಮ್ಮ ತಾಯಂದಿರಿಗೂ ಬರೆದುಕೊಡಿ.