ತೂಗುವ ತಂಬೂರಿ

ಬೆಳ್ಳಂದೂರು ಎಂದೊಡನೆ ಜನರಿಗೆ ನೆನಪಾಗುವುದು ಗಾಜಿನ ಕಟ್ಟಡಗಳು, ಹೊರವರ್ತುಲ ರಸ್ತೆಯ ವಾಹನಗಳ ಸಾಲು, 2017ರಲ್ಲಿ ಬೆಂಕಿ ಹೊತ್ತಿಕೊಂಡು ಸುದ್ದಿಯಾದ ಕೆರೆ. ಅಲ್ಲಿ ತಂಬೂರಿಯ ನಾದವೂ ಉಂಟೆಂದರೆ ನಂಬುವವರು ಕಡಮೆ. ನಮ್ಮ ತಾಯಿಯವರು ದಿನವೂ ಬೆಳಗಿನ ಐದು ಗಂಟೆಗೆ, ರಸ್ತೆ ಎಚ್ಚರಗೊಳ್ಳುವ ಮೊದಲೇ, ಹಜಾರದಲ್ಲಿ ಶ್ರುತಿ ಹಿಡಿದು ಕುಳಿತುಕೊಳ್ಳುತ್ತಿದ್ದರು. ಅದೇ ರಸ್ತೆಯ ಒಂದು ಕಟ್ಟಡದಲ್ಲಿ ತಂತ್ರಾಂಶ ಬರೆಯುವುದು ನನ್ನ ಉದ್ಯೋಗವಾಗಿತ್ತು.

ಒಮ್ಮೆ ಅವರ ಹಾಡನ್ನು ಧ್ವನಿಮುದ್ರಿಸಿ, ಹಣ ಕೊಟ್ಟು ತಂದ ಒಂದು ತಂತ್ರಾಂಶಕ್ಕೆ ಒಪ್ಪಿಸಿದೆ. ಅದು ‘ದೋಷ’ಗಳನ್ನೆಲ್ಲ ತಿದ್ದಿಕೊಟ್ಟಿತು. ತೋಡಿಯ ಗಾಂಧಾರ ಅಲುಗದೆ ಕಲ್ಲಿನ ಕಂಬದಂತೆ ನಿಂತಿತ್ತು. ಅಮ್ಮ ಕೊನೆಯವರೆಗೂ ಕೇಳಿ, “ಚೆನ್ನಾಗಿದೆ. ಹಾಡಿದವರು ಯಾರು?” ಎಂದರು.

ನನಗೆ ಸಿಟ್ಟು ಬಂದಿತು. ಪಿಯಾನೋದ ಹನ್ನೆರಡು ಮನೆಗಳಲ್ಲದೆ ಬೇರೆ ಸ್ವರವನ್ನರಿಯದ ಆ ಯಂತ್ರ, ಒಳಗೆ ಏನಿದೆಯೆಂದು ನೋಡಲೂ ಬಿಡದೆ ಬೀಗ ಹಾಕಿಕೊಂಡಿತ್ತು. ಹೀಗಾಗಿ ನಾನು ಮುಕ್ತ ತಂತ್ರಾಂಶದ ಕಡೆಗೆ ತಿರುಗಿದೆ. ಅದರ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು. ಎರಡು ವರ್ಷಗಳ ರಾತ್ರಿಗಳನ್ನು ವ್ಯಯಿಸಿ ಗಣಕಯಂತ್ರದೊಳಗೆ ಒಂದು ತಂಬೂರಿಯನ್ನು ಕಟ್ಟಿದೆ. ಇಂಥ ಹುಚ್ಚು ಬೆಂಗಳೂರಿಗೆ ಹೊಸದೇನಲ್ಲ. ಕೊಳಲುವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿಯೇ ಇಲ್ಲಿ ವಿದ್ಯುನ್ಮಾನ ಶ್ರುತಿವಾದ್ಯವನ್ನು ರೂಪಿಸಿದ್ದರು. ಅದಕ್ಕೂ ಹಿಂದೆ, 1921ರಲ್ಲಿ, ಆಗ ಕಲ್ಕತ್ತೆಯಲ್ಲಿದ್ದ ಸಿ. ವಿ. ರಾಮನ್ನರು ತಂಬೂರಿ ವೀಣೆಗಳ ನಾದವನ್ನು ಕುರಿತು ಪ್ರಬಂಧ ಬರೆದಿದ್ದರು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಹತ್ತಿಯದೋ ರೇಷ್ಮೆಯದೋ ಒಂದು ಎಳೆಯನ್ನು ಸಿಕ್ಕಿಸುತ್ತಾರಷ್ಟೆ. ಅದಕ್ಕೆ ಜೀವ ಎಂದು ಹೆಸರು. ಎಳೆ ತನ್ನ ಸ್ಥಾನದಲ್ಲಿದ್ದರೆ ತಂತಿ ಝೇಂಕರಿಸುತ್ತದೆ, ಸ್ವಲ್ಪ ಸರಿದರೆ ಮೊದ್ದಾಗುತ್ತದೆ. ಆ ಎಳೆಯನ್ನು ಲೆಕ್ಕದಲ್ಲಿ ಹಿಡಿಯುವುದರಲ್ಲಿಯೇ ನನ್ನ ಮೊದಲ ವರ್ಷ ಕಳೆಯಿತು.

ಅಮ್ಮನಿಗೆ ಕೇಳಿಸಿದಾಗ ಅವರು, “ನಾದವೇನೋ ಬಂದಿದೆ. ಆದರೆ ಎಲ್ಲೋ ತೂಗುತ್ತಿದೆಯಲ್ಲೋ” ಎಂದರು. ವಯಸ್ಸಾದವರ ಕಿವಿ ಎಂದು ನಾನು ಸುಮ್ಮನಾದೆ.

2014ರ ಮೇ ತಿಂಗಳ ಮೊದಲ ವಾರದಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಲಿನಕ್ಸ್ ಆಡಿಯೋ ಕಾನ್ಫರೆನ್ಸ್ ಎಂಬ ಸಮ್ಮೇಳನ ಸೇರಿತು. ರಜೆ ಹಾಕಿ, ಕೂಡಿಟ್ಟ ಹಣದಲ್ಲಿ ಹೊರಟೆ. ವಿದ್ಯುತ್ಕಾಂತ ತರಂಗಗಳನ್ನು ಪ್ರಯೋಗದಿಂದ ಸಿದ್ಧಪಡಿಸಿದಾಗ ಹೈನ್ರಿಕ್ ಹರ್ಟ್ಜ್ ಪ್ರಾಧ್ಯಾಪಕನಾಗಿದ್ದುದು ಆ ಊರಿನಲ್ಲಿಯೇ. ಸೆಕೆಂಡಿಗೆ ಇಷ್ಟು ಕಂಪನ ಎಂದು ನಾವು ಸ್ವರವನ್ನು ಅಳೆಯುವ ಮಾನಕ್ಕೆ ಅವನದೇ ಹೆಸರು. ಸಮ್ಮೇಳನ ನಡೆದ ಕಲಾಕೇಂದ್ರವಾದರೋ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಮದ್ದುಗುಂಡಿನ ಕಾರ್ಖಾನೆ. ಮುನ್ನೂರು ಮೀಟರಿಗೂ ಹೆಚ್ಚು ಉದ್ದದ ಆ ಕಟ್ಟಡದಲ್ಲಿ ಎರಡನೆಯ ಯುದ್ಧದಲ್ಲಿ ಸೆರೆಯಾಳುಗಳನ್ನು ಹಿಡಿದು ದುಡಿಸಿದ್ದರಂತೆ. ನಾನು ಹೋದಾಗ ಅದರ ಒಂದು ಸಭಾಂಗಣದಲ್ಲಿ, ಕೇಳುಗರ ಸುತ್ತಲೂ ತಲೆಯ ಮೇಲೂ ನಲವತ್ತಕ್ಕೂ ಹೆಚ್ಚು ಧ್ವನಿವರ್ಧಕಗಳು ತೂಗುತ್ತಿದ್ದವು.

ಅಲ್ಲಿ ನನ್ನನ್ನು ಸೆಳೆದದ್ದು ಭಾಷಣಗಳಲ್ಲ. ಉಪಕರಣವನ್ನು ಮಾಡಿದವನೂ ಬಳಸುವವನೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಒಬ್ಬ ಸಂಗೀತಗಾರ ಯಾವುದೋ ತಂತ್ರಾಂಶ ನಡುವೆ ನಿಂತುಹೋಗುತ್ತದೆಂದು ದೂರಿದರೆ, ಪಕ್ಕದವನು ನಾಚಿಕೊಂಡು ಅಲ್ಲೇ ಗಣಕವನ್ನು ತೆರೆದು ತಿದ್ದತೊಡಗುತ್ತಿದ್ದ. ನಮ್ಮ ಕಚೇರಿಗಳಲ್ಲಿ ಅಷ್ಟಕ್ಕೆ ಮೂರು ಸಭೆಗಳು ಬೇಕು.

ಒಂದು ಸಂಜೆ, ಬಿಡುವಿನ ವೇಳೆಯಲ್ಲಿ, ಹತ್ತು ಹನ್ನೆರಡು ಮಂದಿಯ ಮುಂದೆ ನನ್ನ ತಂಬೂರಿಯನ್ನು ನುಡಿಸಿದೆ. ವೃದ್ಧರೊಬ್ಬರು ಕಣ್ಣು ಮುಚ್ಚಿ ಕೇಳಿ, “ನಾಲ್ಕು ತಂತಿಗಳಲ್ಲಿ ಗಾಂಧಾರದ ತಂತಿ ಯಾವುದು?” ಎಂದರು. ಅಂಥ ತಂತಿಯೇ ಇಲ್ಲ ಎಂದೆ. ಮಂದ್ರ ಷಡ್ಜ ಸೆಕೆಂಡಿಗೆ 100 ಸಲ ಕಂಪಿಸಿದರೆ ಅದರೊಳಗೆ 500ರ ಅಂಶವೂ ಸೇರಿರುತ್ತದೆ. ಅದೇ ಅಂತರ ಗಾಂಧಾರ. ಯಾರೂ ಮೀಟದೆ ತಾನಾಗಿ ಹುಟ್ಟುವ ಸ್ವರ. ಪಿಯಾನೋದಲ್ಲಿ ಅದೇ ಗಾಂಧಾರ ಸುಮಾರು 504 ಆಗುತ್ತದೆ. “ನಿಮ್ಮ ತಂತ್ರಾಂಶಗಳಿಗೆ ಹನ್ನೆರಡು ಮನೆಗಳ ಆಚೆಗೆ ಲೋಕವೇ ಇಲ್ಲ” ಎಂದು ಸ್ವಲ್ಪ ಖಾರವಾಗಿಯೇ ಹೇಳಿದೆ. ಅವರು ನಕ್ಕು ತಲೆದೂಗಿದರು.

ಮರುದಿನ ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿ ನನ್ನನ್ನು ಹುಡುಕಿಕೊಂಡು ಬಂದಳು. ವಯಸ್ಸು ಇಪ್ಪತ್ತಿರಬಹುದು. ರಾತ್ರಿ ಕುಳಿತು ನನ್ನ ಬರವಣಿಗೆಯನ್ನೆಲ್ಲ ಓದಿದ್ದಳು. ಒಂದು ಸಾಲನ್ನು ಬೆರಳಿಟ್ಟು ತೋರಿಸಿ, “ಇದು ಬೇಕೆಂದೇ ಬರೆದದ್ದೋ?” ಎಂದು ವಿನಯದಿಂದ ಕೇಳಿದಳು. ನೋಡಿದೆ. ಸಾರಣೆಯ ತಂತಿ 200 ಸಲ ಕಂಪಿಸುವಾಗ ಪಂಚಮದ ತಂತಿ 150 ಸಲ ಕಂಪಿಸಬೇಕು. ನನ್ನದು 149.83 ಎನ್ನುತ್ತಿತ್ತು. ಪಂಚಮವನ್ನು ಕಂಡುಹಿಡಿಯಲು, ಎಲ್ಲರೂ ಬಳಸುವ ಪಿಯಾನೋದ ಸಿದ್ಧಸೂತ್ರವನ್ನೇ ಯೋಚಿಸದೆ ಎತ್ತಿ ಇಟ್ಟುಬಿಟ್ಟಿದ್ದೆ! ಅಷ್ಟು ಸಣ್ಣ ಅಂತರದಿಂದಲೇ ಎರಡು ತಂತಿಗಳ ಅಂಶಗಳು ಒಂದನ್ನೊಂದು ಮುಟ್ಟಿ ಜಾರಿ, ಒಂದೂವರೆ ಸೆಕೆಂಡಿಗೊಮ್ಮೆ ನಾದ ಮೆಲ್ಲಗೆ ಏರಿ ಇಳಿಯುತ್ತದೆ.

ತೂಗುತ್ತದೆ. ಅಮ್ಮ ಹೇಳಿದ್ದು ಅದನ್ನೇ.

ಹಿಂದಿನ ಸಂಜೆ ನಾನಾಡಿದ ಮಾತುಗಳೆಲ್ಲ ನೆನಪಿಗೆ ಬಂದು ಕಿವಿ ಬಿಸಿಯಾಯಿತು. ಹುಡುಗಿ ಅದನ್ನು ಗಮನಿಸಿದಂತೆ ತೋರಲಿಲ್ಲ. ತಿದ್ದಿದ ಸಾಲನ್ನು ಕೊಟ್ಟು, ನಾಲ್ಕೂ ತಂತಿಗಳ ಅನುಪಾತವನ್ನು ಹಾಡುವವರೇ ನಿಶ್ಚಯಿಸುವಂತೆ ಮಾಡಬಹುದಲ್ಲವೇ ಎಂದಳು. ಮಧ್ಯಾಹ್ನದ ಭಾಷಣಗಳನ್ನು ಬಿಟ್ಟು ಇಬ್ಬರೂ ಒಳಅಂಗಳದಲ್ಲಿ ಕುಳಿತು ಅದನ್ನು ಮುಗಿಸಿದೆವು.

ಊರಿಗೆ ಮರಳಿದ ಮರುದಿನ, ಐದು ಗಂಟೆಗೆ, ಏನನ್ನೂ ಹೇಳದೆ ಹಜಾರದಲ್ಲಿ ಗಣಕದ ತಂಬೂರಿಯನ್ನು ನುಡಿಸಲು ಬಿಟ್ಟೆ. ಅಮ್ಮ ಬಂದು ಕುಳಿತರು. ಬಹಳ ಹೊತ್ತು ಕೇಳಿದರು.

“ಈಗ ಕೂತಿತು” ಎಂದರು. ಆಮೇಲೆ ಎದ್ದು, ಮೂಲೆಯಲ್ಲಿ ಒರಗಿಸಿದ್ದ ಮರದ ತಂಬೂರಿಯ ಗವಸನ್ನು ಬಿಚ್ಚುತ್ತ, “ಇದರ ಎರಡನೆಯ ತಂತಿಯ ಜೀವ ಹೋಗಿದೆ. ಒಳಗಿನಿಂದ ದಾರದ ಉಂಡೆ ತೆಗೆದುಕೊಂಡು ಬಾ” ಎಂದರು.