ಬಚ್ಚಲುಮನೆಯ ಬಿಲ್ಲೆಗಳನ್ನು ನೋಡಹೋದುದು

ಹಾಸನದ ಸೀಮೆಗೆ ಬರುವ ಯಾತ್ರಿಕರು ಬೇಲೂರು ಹಳೇಬೀಡುಗಳ ಶಿಲ್ಪವನ್ನು ನೋಡುವರು. ಶ್ರವಣಬೆಳಗೊಳಕ್ಕೆ ಹೋಗಿ ಬೆಟ್ಟವನ್ನು ಹತ್ತುವರು. ಈ ಸೀಮೆಯ ಬಚ್ಚಲುಮನೆಗಳನ್ನು ನೋಡಲೆಂದು ಸಂಚಾರ ಹೊರಟವರು ಪ್ರಾಯಶಃ ನಾವೊಬ್ಬರೇ ಇರಬೇಕು. ಹಾಸನದಲ್ಲಿರುವ ನಮ್ಮ ಮನೆಯ ಬಚ್ಚಲಿನ ಗಾರೆಯು ಕಿತ್ತುಹೋಗಿ, ಟೈಲ್ಸ್ ಎಂದು ಈಗ ಎಲ್ಲರೂ ಕರೆಯುವ ಮೆರುಗಿನ ಬಿಲ್ಲೆಗಳನ್ನು ಹಾಕಿಸಬೇಕೆಂದು ಮನೆಯವರು ನಿಶ್ಚಯಿಸಿದರು. ಹಾಕಿಸಿದವರ ಮನೆಗಳನ್ನು ಮೊದಲು ನೋಡಿಬರುವುದು ಲೇಸೆಂದು ನಮಗೆ ತೋರಿತು. ಇದೂ ಒಂದು ವಿಚಾರವೇ ಎಂದು ನಗುವವರುಂಟು. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಸ್ನಾನಭೋಗಕ್ಕೆ ಪ್ರತ್ಯೇಕವಾದ ಸ್ಥಾನವಿರುವುದನ್ನು ಅಂಥವರು ನೆನೆಯತಕ್ಕದ್ದು.

ಹಾಸನದಲ್ಲಿಯೇ ಹೊಸ ಬಡಾವಣೆಯ ಒಂದು ಮನೆಯನ್ನು ಮೊದಲು ನೋಡಿದೆವು. ನಾಲ್ಕು ಗೋಡೆಗಳಿಗೂ ಚಾವಣಿಯವರೆಗೆ ಬಿಲ್ಲೆ. ಅವುಗಳಲ್ಲಿ ನೀಲಿಯ ಕಡಲು. ಕಡಲಿನಲ್ಲಿ ನೆಗೆಯುತ್ತಿರುವ ಡಾಲ್ಫಿನ್ನುಗಳು. ನಡುವೆ ಘಟ್ಟವೇ ಅಡ್ಡವಾಗಿರುವಾಗ ಆ ಪ್ರಾಣಿಗಳು ಹಾಸನಕ್ಕೆ ಹತ್ತಿಬಂದ ಬಗೆ ನಮಗೆ ತಿಳಿಯಲಿಲ್ಲ. ನಮ್ಮ ದೇಶದ ಬಿಲ್ಲೆಗಳಲ್ಲಿ ಬಹುಪಾಲು ಗುಜರಾತಿನ ಮೋರ್ಬಿಯಲ್ಲಿ ತಯಾರಾಗುವುವು. ಊರೂರಿನ ಬಚ್ಚಲುಗಳು ಒಂದೇ ಅಚ್ಚಿನಲ್ಲಿ ಎರೆದಂತೆ ಕಾಣುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಅಲ್ಲಿಂದ ಮೈಸೂರಿನ ರೈಲನ್ನು ಹತ್ತಿ, ಹೇಮಾವತಿಯ ದಡದ ಹೊಳೆನರಸೀಪುರದಲ್ಲಿರುವ ನಮ್ಮ ತಂಗಿಯ ಮನೆಗೆ ಹೋದೆವು. ಆಕೆಯ ಬಚ್ಚಲಿನಲ್ಲಿ ಕನ್ನಡಿಯಂತೆ ಹೊಳೆಯುವ ನೆಲವಿದ್ದಿತು. ಹೋದ ವರ್ಷ ಸೋಪಿನ ನೀರಿನಲ್ಲಿ ಕಾಲುಜಾರಿ ಬಿದ್ದು, ತೊಡೆಯ ಮೂಳೆ ಮುರಿದು, ಮೂರು ತಿಂಗಳು ಹಾಸಿಗೆ ಹಿಡಿದಳು. ಈಗಲೂ ಕೋಲು ಹಿಡಿದೇ ನಡೆಯುವಳು. "ಅಣ್ಣಯ್ಯ, ಗೋಡೆಗೆ ಏನು ಬೇಕಾದರೂ ಹಾಕಿಸಿಕೋ, ನೆಲಕ್ಕೆ ಮಾತ್ರ ಅದನ್ನು ಹಾಕಿಸಬೇಡ" ಎಂದಳು. ಹಳೆಯ ನೆಲವನ್ನು ಕೀಳಿಸಿ, ಮೆರುಗಿಲ್ಲದ, ಎರಡು ಅಂಗುಲದ ಸಣ್ಣ ಬಿಲ್ಲೆಗಳನ್ನು ಹಾಕಿಸಿದ್ದಾಳೆ. ಬಿಲ್ಲೆ ಚಿಕ್ಕದಾದಷ್ಟೂ ಸಂದುಗಳು ಹೆಚ್ಚುವುವು; ಸಂದುಗಳು ಹೆಚ್ಚಿದಷ್ಟೂ ಪಾದಕ್ಕೆ ಹಿಡಿತವಿರುವುದು. ನೀರು ನಿಲ್ಲದಂತೆ ಅಡಿಗೆ ಕಾಲಂಗುಲದ ಇಳಿಜಾರು; ಗೋಡೆಗೆ ಒಂದು ಹಿಡಿಗಂಬಿ. ಮನೆ ಕಟ್ಟುವವರು ತಿಳಿಯತಕ್ಕ ಮತ್ತೊಂದು ಅಂಶವುಂಟು. ಗೋಡೆಯ ಬಿಲ್ಲೆಯು ತನ್ನ ತೂಕದ ನೂರಕ್ಕೆ 10 ಪಾಲಿಗಿಂತ ಹೆಚ್ಚು ನೀರನ್ನು ಹೀರುವಷ್ಟು ಸಡಿಲವಾದ ಮಣ್ಣಿನದು. ವಿಟ್ರಿಫೈಡ್ ಎಂಬ ಗಟ್ಟಿಬಿಲ್ಲೆಯು ಅರ್ಧ ಪಾಲನ್ನೂ ಮೀರಿ ಹೀರದು. ಚೆಲುವಾಗಿದೆಯೆಂದು ಗೋಡೆಯದನ್ನು ನೆಲಕ್ಕೆ ಹಾಸಿದರೆ ಅದು ಒಡೆಯುವುದು, ಮನುಷ್ಯನನ್ನೂ ಕೆಡವುವುದು.

ಅರಕಲಗೂಡಿನ ಮನೆಯೇ ನಮಗೆ ಎಲ್ಲಕ್ಕಿಂತ ಮೆಚ್ಚಿಕೆಯಾದುದು. ನಮ್ಮ ಬಂಧುಗಳ ಹಳೆಯ ತೊಟ್ಟಿಯ ಮನೆ, ಕಲ್ಲುಚಪ್ಪಡಿಯ ಬಚ್ಚಲು, ಮೂಲೆಯಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ. ನಮ್ಮ ಸೀಮೆಯವರಿಗೆ ಬಚ್ಚಲಿನ ಅಲಂಕಾರವನ್ನು ಅಂಗಡಿಯವರು ಕಲಿಸಬೇಕಾಗಿಲ್ಲ. ದೀಪಾವಳಿಯ ತ್ರಯೋದಶಿಯಂದು ನೀರು ತುಂಬುವ ಹಬ್ಬದಲ್ಲಿ ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಬಳ್ಳಿ ಸುತ್ತಿ, ರಂಗೋಲಿಯಿಟ್ಟು ಪೂಜಿಸುವುದು ರೂಢಿ. ಮರುದಿನದ ಅಭ್ಯಂಗವಾಗುವ ಹೊತ್ತಿಗೆ ಆ ಸೊಗಸೆಲ್ಲ ತೊಳೆದುಹೋಗುವುದು. ಈ ಮನೆಯ ಸೊಸೆಯು ಅದನ್ನೇ ವರ್ಷವಿಡೀ ನಿಲ್ಲುವಂತೆ ಮಾಡಿದ್ದಾಳೆ. ಚಪ್ಪಡಿಯ ನೆಲವನ್ನು ಮುಟ್ಟದೆ, ಗೋಡೆಗಳಿಗೆ ಬಿಳಿಯ ಸಾದಾ ಬಿಲ್ಲೆ ಹಾಕಿಸಿ, ಸೊಂಟದ ಎತ್ತರದಲ್ಲಿ ಕೆಮ್ಮಣ್ಣಿನ ಬಣ್ಣದ, ರಂಗೋಲಿಯ ಎಳೆಗಳಿರುವ ಬಿಲ್ಲೆಗಳ ಒಂದೇ ಸಾಲನ್ನು ಸುತ್ತಿಸಿದ್ದಾಳೆ. 6 ಅಡಿ ಉದ್ದ 5 ಅಡಿ ಅಗಲದ ಬಚ್ಚಲಿಗೆ, ಬಾಗಿಲಿನ ಎರಡೂವರೆ ಅಡಿಯನ್ನು ಕಳೆದರೆ, 8 ಅಂಗುಲದ ಬಿಲ್ಲೆಗಳು 30 ಸಾಕು. ಒಲೆಯ ಬಾಯಿಯ ಸುತ್ತ ಮಾತ್ರ ಗಾರೆಯನ್ನೇ ಉಳಿಸಿದ್ದಾಳೆ. ಅಲ್ಲಿ ಬಿಲ್ಲೆಯು ಕಾವಿಗೆ ಬಿರಿಯುವುದೆಂಬುದನ್ನು ಬಲ್ಲಳು.

ಅದೇ ಮನೆಯಲ್ಲಿ ಲಕ್ಷ್ಮಿಯ ಚಿತ್ರವಿರುವ ಒಂದು ಹಳೆಯ ಬಿಲ್ಲೆಯೂ ಇದ್ದಿತು. ಮೊದಲನೆಯ ಮಹಾಯುದ್ಧದ ತರುವಾಯ ಜಪಾನಿನವರು ನಮ್ಮ ದೇವತೆಗಳ ಚಿತ್ರವನ್ನು ಬಿಲ್ಲೆಗಳ ಮೇಲೆ ಒತ್ತಿ ಇಲ್ಲಿಗೆ ಕಳುಹಿಸುತ್ತಿದ್ದರು; ಇದೂ ಅಂಥದೇ ಇರಬಹುದು. ಅದನ್ನು ಬಚ್ಚಲಿಗೆ ಹಾಕಿಸಲೇ ಎಂದು ಕೇಳಿದ ಮೊಮ್ಮಗನಿಗೆ ಅಜ್ಜಿಯು ಉತ್ತರವನ್ನೇ ಕೊಡದೆ, ಬಿಲ್ಲೆಯನ್ನು ತುಳಸಿಯ ಕಟ್ಟೆಗೆ ಕೂರಿಸಿದರಂತೆ.

ಹಾಸನಕ್ಕೆ ಮರಳಿ, ಮರುದಿನ ಬೆಂಗಳೂರಿನ ಮಾರ್ಗದಲ್ಲಿ ಚನ್ನರಾಯಪಟ್ಟಣಕ್ಕೆ ಹೋದೆವು. ಅಲ್ಲಿ ನೋಡಿದುದು ಗಾರೆಯ ಮೇಸ್ತ್ರಿಯೊಬ್ಬರ ಸ್ವಂತ ಮನೆಯನ್ನು. ಊರಿನ ಮನೆಗಳಿಗೆಲ್ಲ ಬಿಲ್ಲೆ ಹಾಕುವ ಇವರು ತಮ್ಮ ಬಚ್ಚಲಿಗೆ ಒಂದನ್ನೂ ಕೊಂಡವರಲ್ಲ. ಕೆಲಸದಲ್ಲಿ ಒಡೆದು ಉಳಿದ ಚೂರುಗಳನ್ನೇ ಕೂಡಿಸಿ ನೆಲವನ್ನು ಮಾಡಿದ್ದಾರೆ. ನಡುವೆ ಒಂದು ಕಮಲ. ಅದರ ಎಸಳುಗಳು ಹತ್ತು ಮನೆಗಳ ಬಣ್ಣದವು. ನೇಕ್‌ಚಂದರು ಚಂಡೀಗಢದಲ್ಲಿ ಇಂಥ ಚೂರುಗಳಿಂದಲೇ ಒಂದು ಉದ್ಯಾನವನ್ನು ಕಟ್ಟಿದರು, ಅದು 1976ರಲ್ಲಿ ಜನರಿಗೆ ತೆರೆಯಿತು ಎಂದು ನಾವು ಹೇಳಲು, ಮೇಸ್ತ್ರಿಯವರು ನಕ್ಕು, "ಬೆಳಗೊಳದ ಬೆಟ್ಟ ಹತ್ತಿದ್ದೀರಲ್ಲ ಮೇಷ್ಟ್ರೇ, ಬಂಡೆಯಲ್ಲಿ ಉಳಿ ಹೊಡೆದ ಮೆಟ್ಟಿಲು, ಬರಿಗಾಲಿಗೆ ಎಷ್ಟು ಹಿಡಿತ! ಇದೂ ಹಾಗೆಯೇ" ಎಂದರು. ಚೂರುಗಳ ಅಂಚನ್ನು ಕಲ್ಲಿನಿಂದ ಉಜ್ಜಿ ಮೊಂಡುಮಾಡದಿದ್ದರೆ ಮಕ್ಕಳ ಕಾಲು ಕುಯ್ಯುವುದು. ಸಂದನ್ನು ಅಗಲವಾಗಿ ಬಿಟ್ಟು ಸಿಮೆಂಟನ್ನು ತುಂಬಿ, ಏಳು ದಿನ ನೀರುಣಿಸತಕ್ಕದ್ದು. ಒಡೆದ ಬಿಲ್ಲೆಗಳನ್ನು ಅಲ್ಲಿಯ ಅಂಗಡಿಯವರು ಬಿಟ್ಟಿಯಾಗಿಯೇ ಕೊಡುವರಂತೆ; ಗೋಣೀಚೀಲವನ್ನು ಮಾತ್ರ ನಾವೇ ಒಯ್ಯಬೇಕು.